ಕರಾರಿಗಿಂತ ಮೊದಲು ಬಂದ ಕನ್ನಡಿ

ತೆಹರಾನಿನ ಅರ್ಧ ಊರಿನ ಕಿಟಕಿಗಳ ಅಳತೆ ಎಫ್ಫತ್ ಖಾನುಂಗೆ ಬಾಯಿಪಾಠ ಎಂದು ಜನ ಹೇಳುತ್ತಿದ್ದರು. ಅರ್ಧ ಊರು ಅಂದರೆ ಜಾಸ್ತಿಯಾಯಿತು, ಜನಕ್ಕೆ ಯಾವುದನ್ನಾದರೂ ಹಿಗ್ಗಿಸಿ ಹೇಳದಿದ್ದರೆ ಊಟ ಸೇರುವುದಿಲ್ಲ. ಆದರೆ ಕಾಲು ಊರಿನದಂತೂ ಗೊತ್ತಿತ್ತು. ಎಫ್ಫತ್ ಪರದೆ ಹೊಲಿಯುವವಳು. ಮೌಲವಿ ರಸ್ತೆಯ ಬಟ್ಟೆ ಅಂಗಡಿಯವರು ಗಿರಾಕಿಗೆ ಬಟ್ಟೆ ಹರಿದುಕೊಟ್ಟ ಮೇಲೆ ಅವಳ ನಂಬರನ್ನೂ ಬರೆದುಕೊಡುತ್ತಿದ್ದರು. ಅವಳು ಟೇಪು ಕುತ್ತಿಗೆಗೆ ಹಾಕಿಕೊಂಡು ಹೋಗಿ, ಸ್ಟೂಲು ಹತ್ತಿ, ಅಳೆದು ಬರುತ್ತಿದ್ದಳು. ಯಾರ ಮನೆಗೆ ಬೆಳಗಿನ ಬಿಸಿಲು ಬರುತ್ತದೆ, ಯಾರ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆಗೆ ಮೂಗು ತಗಲುತ್ತದೆ, ಎಲ್ಲ ಗೊತ್ತು. ಇಷ್ಟು ಕಿಟಕಿಗಳಲ್ಲಿ ಒಂದೂ ಅವಳದಾಗಿರಲಿಲ್ಲ.

ಮದುವೆಯಾದಾಗಿನಿಂದ ಬಾಡಿಗೆ ಮನೆಯೇ. ಒಂದು ವರ್ಷ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ಮನೆಯ ಯಜಮಾನನಿಗೆ ಏನೋ ಒಂದು ನೆನಪಾಗುತ್ತಿತ್ತು: ಮಗನ ಮದುವೆ, ತಂಗಿಯ ಬಾಣಂತನ, ಗೋಡೆಯ ರಿಪೇರಿ. ನಿಜವಾದ ಕಾರಣ ಅವಳ ಹೊಲಿಗೆ ಮೆಷಿನ್ನು. ಅದು ಹಳೆಯ ಕಬ್ಬಿಣದ ಮೆಷಿನ್ನು, ಆಮೇಲೆ ಮೋಟಾರು ಕೂಡಿಸಿದ್ದು. ದಪ್ಪ ಮಖಮಲ್ಲಿನ ಮೇಲೆ ಅದು ಓಡತೊಡಗಿದರೆ ಕೆಳಗಿನ ಮನೆಯ ತೂಗುದೀಪ ಅಲ್ಲಾಡುತ್ತಿತ್ತಂತೆ. ಎಫ್ಫತ್ ಅದರ ಕಾಲಿಗೆ ಕಂಬಳಿ ಮಡಚಿ ಇಟ್ಟಳು, ರಬ್ಬರು ಹಾಕಿಸಿದಳು, ಮಧ್ಯಾಹ್ನ ಜನ ಮಲಗುವ ಹೊತ್ತಿನಲ್ಲಿ ಕೈಯಲ್ಲೇ ಹೊಲಿದಳು. ಆದರೂ ಒಂದು ದಿನ ಯಜಮಾನನ ಹೆಂಡತಿ ಒಂದು ತಟ್ಟೆ ಹಣ್ಣು ಹಿಡಿದು ಮೇಲೆ ಬರುತ್ತಿದ್ದಳು. ಹಣ್ಣಿನ ತಟ್ಟೆ ಬಂತೆಂದರೆ ಮನೆ ಬಿಡುವ ಕಾಲ ಬಂತೆಂದೇ ಅರ್ಥ.

ಅವಳ ಗಂಡ ಯದೊಲ್ಲಾ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬಹಳ ಮೆತ್ತನೆಯ ಮನುಷ್ಯ. ಏನು ಕೇಳಿದರೂ "ನೀನು ಹೇಳಿದ ಹಾಗೆ" ಅನ್ನುವವನು. ಈ ಮಾತು ಕೇಳಿ ಕೇಳಿ ಎಫ್ಫತ್‌ಗೆ ತಲೆ ಚಿಟ್ಟು ಹಿಡಿದಿತ್ತು. "ನಾನು ಹೇಳಿದ ಹಾಗೇ ಆಗೋದಾದ್ರೆ ನಾವು ಇಷ್ಟೊತ್ತಿಗೆ ಅರಮನೇಲಿ ಇರ್ತಿದ್ವಿ" ಎಂದು ಅವಳು ಅನ್ನುವಳು. "ಸರಿ, ಅರಮನೆಗೂ ಪರದೆ ನೀನೇ ಹೊಲೀಬೇಕಲ್ಲ" ಎಂದು ಅವನು ನಗುವನು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಹಣ್ಣಿನ ತಟ್ಟೆ ಬಂದಾಗ ಎಫ್ಫತ್ ಏಪ್ರಿಕಾಟುಗಳನ್ನು ತಿರುಗಿಯೂ ನೋಡಲಿಲ್ಲ. ಶಾಲೆಗಳು ತೆರೆಯುವುದರೊಳಗೆ ಮನೆ ಖಾಲಿ ಮಾಡಬೇಕಿತ್ತು. ಇನ್ನು ಬಾಡಿಗೆ ಮನೆ ಸಾಕು ಎಂದು ಆಗಲೇ ತೀರ್ಮಾನಿಸಿಬಿಟ್ಟಳು. ತವರೂರು ತುಯ್‌ಸರ್ಕಾನಿನಲ್ಲಿ ಅಪ್ಪನ ಅಕ್ರೋಟಿನ ತೋಟದಲ್ಲಿ ತನ್ನ ಪಾಲಿಗೆ ಬಂದದ್ದನ್ನು ಅಣ್ಣನಿಗೇ ಮಾರಿದಳು. ಯದೊಲ್ಲಾನ ನಿವೃತ್ತಿಯ ಗಂಟು ಇತ್ತು, ಬ್ಯಾಂಕಿನ ಸಾಲ ಇತ್ತು. ಎರಡೇ ಕೋಣೆಯಿದ್ದರೂ ಪರವಾಗಿಲ್ಲ, ಲಿಫ್ಟ್ ಇಲ್ಲದಿದ್ದರೂ ಪರವಾಗಿಲ್ಲ, ಮೆಷಿನ್ನು ಓಡಿಸಿದರೆ ಯಾರೂ ಮೆಟ್ಟಿಲು ಹತ್ತಿ ಬಂದು ಹೊರಡಿ ಎನ್ನಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ನಮ್ಮ ಊರಿನಲ್ಲಿ ಮನೆ ಹುಡುಕುವುದೆಂದರೆ ಓಡುವ ಬಸ್ಸಿಗೆ ನೇತುಬಿದ್ದ ಹಾಗೆ. ಬೆಳಿಗ್ಗೆ ಕೇಳಿದ ಬೆಲೆ ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತದೆ. ಡಾಲರು ಏರಿತೆಂದು ಬೆಲೆ ಏರಿಸುತ್ತಾರೆ, ಡಾಲರು ಇಳಿದರೆ ಮತ್ತೆ ಏರುತ್ತದಲ್ಲ ಎಂದು ಏರಿಸುತ್ತಾರೆ. ದಲ್ಲಾಳಿ ಸಾಬೇತಿ ಕೈಯಲ್ಲಿ ಜಪಮಣಿ ತಿರುಗಿಸುತ್ತಾ ಇವರಿಬ್ಬರನ್ನೂ ಓಣಿ ಓಣಿ ಅಲೆಸಿದ. ಒಂದು ಮನೆ, ಇವರು ಯಜಮಾನನ ಜೊತೆ ಚಹಾ ಕುಡಿಯುತ್ತಿರುವಾಗಲೇ ಫೋನಿನಲ್ಲಿ ಬೇರೆಯವರಿಗೆ ಹೋಯಿತು. ಇನ್ನೊಂದು ಮನೆಯಂತೂ ಯದೊಲ್ಲಾ ತನ್ನ ಹಳೇ ಪೈಕಾನ್ ಕಾರನ್ನು ನಿಲ್ಲಿಸಲು ಜಾಗ ಹುಡುಕಿ ಬರುವುದರೊಳಗೆ ಕೈಬಿಟ್ಟಿತು. ಮತ್ತೊಬ್ಬ ಯಜಮಾನ ಬೆಲೆ ಒಪ್ಪಿ, ಸಹಿಗೆ ಪೆನ್ನು ಹಿಡಿದು, ಇವರು ಇಷ್ಟು ಸುಲಭವಾಗಿ ಒಪ್ಪಿದ್ದಾರೆಂದರೆ ತಾನು ಕಡಿಮೆ ಹೇಳಿದ್ದೇನೆ ಎಂದು ಅನುಮಾನ ಬಂದು ಪೆನ್ನು ಮುಚ್ಚಿಟ್ಟ. ಇಂಥವನಿಗೆ ಏನು ಹೇಳುತ್ತೀರಿ? ಎಫ್ಫತ್ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಯದೊಲ್ಲಾ ಈರುಳ್ಳಿ ಹೆಚ್ಚಿಕೊಡುತ್ತಾ ಪಕ್ಕದಲ್ಲೇ ಕೂತಿದ್ದ.

ಬೇಸಿಗೆ ಮುಗಿಯುತ್ತಾ ಬಂದಾಗ ಸಾಬೇತಿ ಅವರನ್ನು ನಾರ್ಮಕ್‌ನ ಒಂದು ಪುಟ್ಟ ಚೌಕಕ್ಕೆ ಕರೆದುಕೊಂಡು ಹೋದ. ಎರಡನೇ ಮಹಡಿ, ಎರಡು ಕೋಣೆ, ಬಾಲ್ಕನಿಯಿಂದ ಕೈಚಾಚಿದರೆ ಹಿಪ್ಪುನೇರಳೆ ಮರದ ಎಲೆ ಸಿಗುತ್ತಿತ್ತು. ಮನೆಯ ಒಡತಿ ಅಕ್ದಸ್ ಖಾನುಂ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ಅದೇ ಓಣಿಯಲ್ಲಿದ್ದ ಮಗಳ ಮನೆಗೆ ಹೋಗಿ ಇದ್ದರು. ಸಾಮಾನೆಲ್ಲ ಸಾಗಿಸಿ ಮನೆ ಖಾಲಿಯಿತ್ತು. ಎಫ್ಫತ್ ಒಳಗೆ ಕಾಲಿಟ್ಟವಳು ನೇರವಾಗಿ ಹಿಂದಿನ ಕೋಣೆಗೆ ಹೋಗಿ ಪಾದದಿಂದ ನೆಲವನ್ನು ಒದ್ದು ನೋಡಿದಳು. ಕೆಳಗೆ ಏನಿದೆ ಎಂದು ಕೇಳಿದಳು. ಕಾರು ನಿಲ್ಲಿಸುವ ಜಾಗ ಎಂದ ಸಾಬೇತಿ. ಎರಡನೇ ಮಹಡಿಯ ಕೆಳಗೆ ಕಾರು ಹೇಗೆ ನಿಲ್ಲುತ್ತದೋ ಎಂದು ಎಫ್ಫತ್ ದುರುಗುಟ್ಟಿ ನೋಡಿದ ಮೇಲೆ, ಆ ಕೋಣೆಯ ಕೆಳಗಿನದು ಒಬ್ಬ ವ್ಯಾಪಾರಿಯ ಸಾಮಾನು ತುಂಬಿದ ಕೋಣೆಯೆಂದು ನಿಜ ಹೇಳಿದ. ಅಂದರೆ ಅಲ್ಲಾಡಲು ತೂಗುದೀಪವಿಲ್ಲ. ಅವಳಿಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು, ಮುಖವನ್ನು ಮಾತ್ರ ಗಂಟಿಕ್ಕಿಕೊಂಡೇ ಇದ್ದಳು.

ಅಕ್ದಸ್ ಖಾನುಂ ಮಗಳ ಮನೆಯಲ್ಲಿ ಚಹಾ ಕೊಟ್ಟರು. ಅವರು ಹಳೆಯ ಕಾಲದ ಮರ್ಯಾದಸ್ಥರು, ಮಾತಿನಲ್ಲಿ ಸಕ್ಕರೆ ಇಲ್ಲದೆ ಬಾಯಿ ತೆರೆಯುವವರಲ್ಲ. ಬೆಲೆ ಕೇಳಿದರೆ "ಅಯ್ಯೋ, ನಿಮ್ಮ ಮುಂದೆ ಅದಕ್ಕೇನು ಬೆಲೆ" ಎಂದರು. ಬೆಲೆಯನ್ನು ಸಾಬೇತಿ ಹೇಳಿದ. ಸ್ವಲ್ಪ ಎಳೆದಾಟವಾಗಿ ಒಂದು ಮಾತಿಗೆ ಬಂದರು. ಸಾಬೇತಿ ಕರಾರುಪತ್ರ ತೆಗೆಯಲು ಚೀಲಕ್ಕೆ ಕೈಹಾಕಿದ. ಆಗ ಅಕ್ದಸ್ ಖಾನುಂ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ ಕೈಯೆತ್ತಿ ತಡೆದರು. ಚಂದ್ರ ವೃಶ್ಚಿಕದಲ್ಲಿದ್ದಾನೆ. ಚಂದ್ರ ವೃಶ್ಚಿಕದಲ್ಲಿರುವಾಗ ಸಹಿ ಹಾಕಿದ ಕರಾರು ಚೇಳಿನ ಹಾಗೆ ತಿರುಗಿ ಕುಟುಕುತ್ತದೆ. ಚಂದ್ರ ದಾಟಿ ಹೋಗಲಿ, ಗುರುವಾರ ಬರೆದುಕೊಳ್ಳೋಣ ಎಂದರು.

ಎಫ್ಫತ್‌ಳ ಮುಖ ಸಣ್ಣದಾದದ್ದನ್ನು ಅವರು ಕಂಡರು. ಎದ್ದು ಬಂದು ಅವಳ ಕೈಯಲ್ಲಿ ಕೀಲಿಕೈ ಇಟ್ಟು, ಬೆರಳುಗಳನ್ನು ಮಡಚಿದರು.

"ಯೋಚನೆ ಯಾಕಮ್ಮ? ಮನೆ ನಿಮ್ದೇ. ಹೋಗಿ ಕಿಟಕಿ ಅಳತೆ ತಗೊಳ್ಳಿ, ಏನು ಬೇಕಾದ್ರೂ ಮಾಡ್ಕೊಳ್ಳಿ."

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ 'ಮನೆ ನಿಮ್ಮದೇ' ಎಂದು ಯಾರು ಯಾರಿಗೆ ಹೇಳುವುದಿಲ್ಲ? ಚಂದಾ ಕೇಳಲು ಬಂದವನಿಗೂ ಹೇಳುತ್ತೇವೆ. ಟ್ಯಾಕ್ಸಿಯವನು ಬಾಡಿಗೆ ಬೇಡ ಎನ್ನುತ್ತಾನೆ, ಕೊಡದೆ ಇಳಿದು ನೋಡಿ, ಓಣಿಯ ಕೊನೆಯವರೆಗೂ ಬೈಯುತ್ತಾ ಬರುತ್ತಾನೆ. ಇದು ಎಳೆಯ ಮಕ್ಕಳಿಗೂ ಗೊತ್ತು, ಎಫ್ಫತ್‌ಗೂ ಗೊತ್ತಿತ್ತು. ಅವಳೇ ಬಾಡಿಗೆ ಮನೆಗಳ ಬಾಗಿಲಲ್ಲಿ ನಿಂತು ಸಾವಿರ ಸಲ ಈ ಮಾತು ಹೇಳಿ ಅತಿಥಿಗಳನ್ನು ಕಳಿಸಿದವಳು. ಆದರೆ ಅಂದು ಮುಷ್ಟಿಯಲ್ಲಿ ಕೀಲಿಕೈ ಬೆಚ್ಚಗಿತ್ತು, ಬುದ್ಧಿ ಎಲ್ಲಿಗೆ ಹೋಗಿತ್ತೋ ಏನೋ, ಆ ಮಾತನ್ನು ಅವಳು ಅಕ್ಷರಕ್ಕೆ ಅಕ್ಷರ ನಂಬಿಬಿಟ್ಟಳು.

ಮಾರನೆಯ ದಿನ, ಮಂಗಳವಾರ, ಬೆಳಿಗ್ಗೆ ಟೇಪಿನ ಜೊತೆಗೆ ಕನ್ನಡಿಯನ್ನೂ ಕುರಾನನ್ನೂ ತೆಗೆದುಕೊಂಡಳು. ಹೊಸ ಮನೆಗೆ ಮೊದಲು ಹೋಗಬೇಕಾದದ್ದು ಅವೆರಡೇ, ಜೊತೆಗೆ ಒಂದು ಹಿಡಿ ಕಲ್ಲುಸಕ್ಕರೆ. ಅವು ಹೋಗಿ ಕೂತ ಮೇಲೆಯೇ ಮಂಚ, ಪಾತ್ರೆ, ಮನುಷ್ಯರು. ಅದು ಅವಳ ಮದುವೆಯ ಕನ್ನಡಿ. ಮನೆ ಬದಲಿಸುವಾಗ ಪ್ರತಿಸಲ ಅದನ್ನು ಹೊತ್ತವನು ಯದೊಲ್ಲಾ. ಕಾರು ಹೊರಡಿಸುವ ಮುನ್ನ ಅವನು ಒಂದು ಸಲ ಕೇಳಿದ, ಕರಾರು ಇನ್ನೂ ಆಗಿಲ್ಲವಲ್ಲ ಎಂದು.

"ಅವರೇ ಬಾಯಿಬಿಟ್ಟು ಹೇಳಿದ್ರಲ್ಲರೀ, ಮನೆ ನಿಮ್ದೇ ಅಂತ" ಎಂದಳು.

ಯದೊಲ್ಲಾ ಅವಳ ಮುಖ ನೋಡಿದ, ಅಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಕಳೆ ಇತ್ತು, ಆ ಕಳೆಯನ್ನು ಕೆಡಿಸುವ ಧೈರ್ಯ ಅವನಿಗಾಗಲಿಲ್ಲ. "ನೀನು ಹೇಳಿದ ಹಾಗೆ" ಎಂದ. ಹಜಾರದ ಕಿಟಕಿಕಟ್ಟೆಯ ಮೇಲೆ ಕನ್ನಡಿ ಒರಗಿಸಿ, ಅದರ ಮುಂದೆ ಕುರಾನ್ ಇಟ್ಟು, ಇಬ್ಬರೂ ಸ್ವಲ್ಪ ಹೊತ್ತು ಬರಿನೆಲದ ಮೇಲೆ ಕೂತು ತಂದ ರೊಟ್ಟಿ ಚೀಸು ತಿಂದು ಹೊರಟರು.

ಸಂಜೆ ಸಾಬೇತಿಯ ಫೋನು ಬಂತು. ಇನ್ನೊಬ್ಬರು ಬಂದಿದ್ದಾರೆ, ಮನೆ ನೋಡಿದವರೇ, ಹೆಚ್ಚು ಕೊಡುತ್ತೇವೆ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದ. ಎಫ್ಫತ್ ತಾನೂ ಏರಿಸಿದಳು. ಒಂದು ಗಂಟೆ ಕಳೆಯುವುದರೊಳಗೆ ಮತ್ತೆ ಫೋನು, ಅವರೂ ಏರಿಸಿದ್ದರು. ಬುಧವಾರ ಇಡೀ ದಿನ ಇದೇ ಆಟ. ಎಫ್ಫತ್ ಬಳೆಗಳನ್ನು ಕಳಚಿ ಒಯ್ದು ಮಾರಿ ಬಂದಳು, ಅಣ್ಣನಿಗೆ ಫೋನು ಮಾಡಿ ಅಂಗಲಾಚಿದಳು. ಎದುರಿನವರು ಯಾರೆಂದು ಕೇಳಿದರೆ, ಅವರೂ ಒಬ್ಬ ಹೆಂಗಸು, ಅವರದೂ ಏದುಸಿರೇ ಎಂದ ಸಾಬೇತಿ. ಇದರಿಂದ ಎಫ್ಫತ್‌ಗೆ ಸಮಾಧಾನವೇನೂ ಆಗಲಿಲ್ಲ, ಕಾಣದ ಆ ಹೆಂಗಸನ್ನು ಬಾಯಿಗೆ ಬಂದಂತೆ ಶಪಿಸಿದಳು. ರಾತ್ರಿಯ ಊಟದ ಹೊತ್ತಿಗೆ ಅವಳು ಕೊಡಬಹುದಾದ ಕೊನೆಯ ಮಾತು ಕೊಟ್ಟಾಗಿತ್ತು. ಎದುರಿನವಳು ಅದಕ್ಕಿಂತ ಒಂದು ಚೂರು ಮೇಲೆ ನಿಂತಳು.

ಗುರುವಾರ ಬೆಳಿಗ್ಗೆ ಎಲ್ಲರನ್ನೂ ಆ ಮನೆಗೇ ಬರಹೇಳಿದ್ದರು. ಫೋನಿನಲ್ಲಿ ಇಲ್ಲವೆನ್ನುವುದು ಅಕ್ದಸ್ ಖಾನುಂಗೆ ಮರ್ಯಾದೆಯಲ್ಲ; ಎದುರಿಗೆ ಕೂರಿಸಿ, ಕ್ಷಮೆ ಕೇಳಿ, ಕೀಲಿಕೈ ವಾಪಸು ತೆಗೆದುಕೊಳ್ಳಬೇಕೆಂದಿದ್ದರು. ಮಂಡಿನೋವಿನಲ್ಲೂ ಕಂಬಿ ಹಿಡಿದು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಇನ್ನೊಬ್ಬ ಹೆಂಗಸು ಇದ್ದಳು, ಎಫ್ಫತ್‌ಳದೇ ವಯಸ್ಸು, ಹೆಸರು ನಯ್ಯೆರೆ. ಮನೆಯಲ್ಲೇ ಹೆಂಗಸರಿಗೆ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಕೆಲಸ ಅವಳದು. ಗಿರಾಕಿಗಳು ಮೆಟ್ಟಿಲು ಹತ್ತಿ ಇಳಿಯುತ್ತಾರೆಂದು ಅವಳನ್ನೂ ಬಾಡಿಗೆ ಮನೆಯಿಂದ ಏಳಿಸುತ್ತಿದ್ದರು. ಬೆರಳುಗಳಲ್ಲಿ ಬಣ್ಣದ ಕಲೆ ಇತ್ತು. ಬುಧವಾರ ಇಡೀ ದಿನ ಎಫ್ಫತ್ ಮನಸ್ಸಿನಲ್ಲಿ ಕೊಬ್ಬಿದ ಶ್ರೀಮಂತೆಯೊಬ್ಬಳನ್ನು ಕಲ್ಪಿಸಿಕೊಂಡು ಬೈದಿದ್ದಳು. ಈಗ ಇವಳನ್ನು ಕಂಡು ಬೈದದ್ದೆಲ್ಲ ತನಗೇ ಬೈದುಕೊಂಡ ಹಾಗಾಯಿತು.

ಅಕ್ದಸ್ ಖಾನುಂ ಹಜಾರಕ್ಕೆ ಬಂದವರು ಕಿಟಕಿಯ ಕಡೆ ನೋಡಿ ನಿಂತುಬಿಟ್ಟರು.

"ಇದನ್ನ ಯಾರು ತಂದಿಟ್ಟಿದ್ದು?"

"ನಾನೇ" ಎಂದಳು ಎಫ್ಫತ್. "ಮನೆ ನಿಮ್ದೇ ಅಂದ್ರಲ್ಲ ಖಾನುಂ. ಅದಕ್ಕೇ ತಂದಿಟ್ಟೆ."

ಸಾಬೇತಿಯ ಜಪಮಣಿ ನಿಂತಿತು. ಎಫ್ಫತ್‌ಗೆ ತಾನು ಮಾಡಿದ್ದು ಏನೆಂದು ಆಗ ಹೊಳೆಯಿತು. ಇಷ್ಟು ವಯಸ್ಸಾಗಿ, ಮರ್ಯಾದೆಯ ಮಾತು ಯಾವುದು, ವ್ಯವಹಾರದ ಮಾತು ಯಾವುದು ತಿಳಿಯದ ಹಳ್ಳಿಗುಗ್ಗುವಿನ ಹಾಗೆ ಕನ್ನಡಿ ಹೊತ್ತು ತಂದಿದ್ದಳಲ್ಲ! ಆದರೆ ಪೇಚಿಗೆ ಸಿಕ್ಕಿದ್ದು ಅವಳೊಬ್ಬಳೇ ಅಲ್ಲ. ನಾನು ಬರೀ ಮರ್ಯಾದೆಗೆ ಹೇಳಿದ್ದು ಎಂದು ಅಕ್ದಸ್ ಖಾನುಂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಒಂದು ಮಾತು ಮಾತ್ರ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರೆಗೆ ಆಡಿದ ಸವಿಮಾತೆಲ್ಲ ಸುಳ್ಳೆಂದು ತಾನೇ ಒಪ್ಪಿಕೊಂಡ ಹಾಗೆ. ಮೇಲಾಗಿ ಮನೆಯೊಳಗೆ ಬಂದು ಕೂತ ಕುರಾನನ್ನು ಹೊರಗೆ ಕಳಿಸಿದರೆ ಆ ಮನೆಯ ದುಡ್ಡಿನಲ್ಲಿ ಬರಕತ್ತು ಇರುವುದಿಲ್ಲ ಎಂದು ನಂಬಿದ ತಲೆಮಾರಿನವರು ಅವರು.

ಎಫ್ಫತ್‌ಗೇ ತಡೆಯಲಾಗಲಿಲ್ಲ. ತಪ್ಪಾಯಿತು, ಈಗಲೇ ತೆಗೆಯುತ್ತೇವೆ ಎಂದು ಗಂಡನ ಕಡೆ ತಿರುಗಿದಳು. ಪ್ರತಿಸಲದಂತೆ ಅವನು ಹೋಗಿ ಕನ್ನಡಿಯನ್ನು ಕಂಕುಳಿಗೆ ಸೇರಿಸುತ್ತಾನೆ ಎಂದುಕೊಂಡಿದ್ದಳು. ಯದೊಲ್ಲಾ ಕಿಟಕಿಯ ಹತ್ತಿರ ಹೋದ. ಹೋಗಿ, ಕನ್ನಡಿಯ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

"ಖಾನುಂ, ಈ ಕನ್ನಡೀನ ಎಷ್ಟು ಮನೆಯಿಂದ ಹೊರಗೆ ಹೊತ್ತಿದೀನೋ ನಂಗೇ ಲೆಕ್ಕ ಇಲ್ಲ" ಎಂದ. ದನಿ ಎತ್ತಲಿಲ್ಲ. "ಯಜಮಾನ್ರು ಹೇಳೋರು, ನಾನು ಎತ್ತೋನು. ಇವತ್ತು ನಂಗೆ ಕೈ ಏಳ್ತಾ ಇಲ್ಲ. ನೀವೇ ಎತ್ತಿ ಕೊಟ್ಬಿಡಿ, ತಗೊಂಡು ಹೋಗ್ತೀನಿ. ನಿಮ್ಮ ಮೇಲೆ ಬೇಜಾರಿಲ್ಲ."

ಅಷ್ಟು ಉದ್ದದ ಮಾತನ್ನು ಎಫ್ಫತ್ ಅವನ ಬಾಯಿಂದ ಎಂದೂ ಕೇಳಿರಲಿಲ್ಲ. ಅಕ್ದಸ್ ಖಾನುಂ ಎರಡು ಹೆಜ್ಜೆ ಮುಂದೆ ಬಂದರು. ಕನ್ನಡಿಯಲ್ಲಿ ಅವರ ಮುಖ ಬಂತು, ತಲೆವಸ್ತ್ರ ಸರಿಮಾಡಿಕೊಂಡರು. ಕೈ ಕುರಾನಿನ ಕಡೆ ಚಾಚಿ, ಮುಟ್ಟಿ, ಆ ಬೆರಳನ್ನು ತುಟಿಗೆ ಒತ್ತಿಕೊಂಡರು. ಆಮೇಲೆ ಸಾಬೇತಿಯ ಕಡೆ ತಿರುಗಿ ಗದರಿಸುವ ದನಿಯಲ್ಲಿ ಹೇಳಿದರು.

"ನಿಂತ್ಕೊಂಡು ಏನ್ ನೋಡ್ತೀಯಪ್ಪಾ? ಬರಿ. ನಾನು ಅವತ್ತೇ ಹೇಳಿದ್ದೀನಿ ಮನೆ ಇವರದೇ ಅಂತ. ನಿನ್ನೆ ಇವರು ಕೊನೆಗೆ ಹೇಳಿದ ಬೆಲೆಗೇ ಬರಿ."

ಆಡಿದ್ದು ಮನಸಾರೆ ಆಡಿದ್ದೇ ಎಂಬಂತೆ ಗದ್ದ ಎತ್ತಿ ನಿಂತರು. ಚಂದ್ರನೂ ವೃಶ್ಚಿಕ ದಾಟಿದ್ದ. ಎಫ್ಫತ್‌ಗೆ ಸಂತೋಷ ತಡೆಯದೆ ಅವಳೂ ಗಂಡನ ಪಕ್ಕದಲ್ಲೇ ಕೂತಳು. ಇನ್ನು ಹಿಂದಿನ ಕೋಣೆಯಲ್ಲಿ ಮೆಷಿನ್ನು ಹಗಲೆಲ್ಲ ಓಡಬಹುದು. ಇನ್ನು ಯಾರೂ ಹಣ್ಣು ತರುವುದಿಲ್ಲ.

ನಯ್ಯೆರೆ ಅಷ್ಟರಲ್ಲಿ ಬಾಗಿಲಾಚೆ ಹೋಗಿದ್ದಳು. ಗಲಾಟೆ ಮಾಡಲಿಲ್ಲ, ಇನ್ನೂ ಏರಿಸುತ್ತೇನೆ ಎನ್ನಲಿಲ್ಲ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿ ಹೊರಟವಳು ಮೆಟ್ಟಿಲ ತಿರುವಿನಲ್ಲಿ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದಳು. ಎಫ್ಫತ್ ಎದ್ದು ಅವಳ ಹಿಂದೆ ಹೋದಳು. ಸುಮ್ಮನೆ ಕಳಿಸಲು ಮನಸ್ಸಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ ಎಂದಳು. ನಯ್ಯೆರೆ ಲಾಡಿ ಬಿಗಿದು ಎದ್ದು ನಿಂತಳು.

"ನಿಮಗಿಂತ ಎರಡು ದಿನ ಮೊದ್ಲು ನಾನು ಬಂದಿದ್ದೆ" ಎಂದಳು. "ದುಡ್ಡು ಹೊಂದಿಸ್ಕೊಂಡು ಬರ್ತೀನಿ ಅಂದೆ. ನಂಗೂ ಹಾಗೇ ಹೇಳಿದ್ರು, ಮನೆ ನಿಮ್ದೇ ಅಂತ. ಕೀಲೀನೂ ಕೊಡೋಕೆ ಬಂದ್ರು. ಮರ್ಯಾದೆಗೆ ಹೇಳ್ತಿದಾರೆ ಅಂದ್ಕೊಂಡು ನಾನೇ ಬೇಡ ಅಂದೆ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಫ್ಫತ್‌ಗೆ ಸುಲಭವಾಗುತ್ತಿತ್ತು, ತಾನೂ ಎರಡು ಮಾತು ಆಡಬಹುದಿತ್ತು. ತಪ್ಪಿಲ್ಲದೆ ನಡೆದುಕೊಂಡವಳು ಬರಿಗೈಯಲ್ಲಿ ಹೊರಟಿದ್ದಳು. ಎಫ್ಫತ್‌ಗೆ ನಾಚಿಕೆಯಾಯಿತು; ಆದರೆ ನಿಜ ಹೇಳಬೇಕಲ್ಲ, ಮನೆ ಬಿಟ್ಟುಕೊಡುವ ಮನಸ್ಸು ಮಾತ್ರ ಒಂದು ಕ್ಷಣಕ್ಕೂ ಬರಲಿಲ್ಲ. ಮೇಲಿನಿಂದ ಸಹಿಗೆ ಬರಲು ಸಾಬೇತಿ ಕೂಗಿದ.

ನಯ್ಯೆರೆ ಚೀಲ ಹೆಗಲಿಗೆ ಹಾಕಿಕೊಂಡು, "ಶುಭವಾಗ್ಲಿ ಖಾನುಂ, ಸುಖವಾಗಿ ಬಾಳಿ" ಎಂದಳು. ಇಂಥ ಹೊತ್ತಿಗೆ ಮನೆಯೊಡತಿ ಹೇಳಬೇಕಾದ ಮಾತು ಒಂದೇ: ಆಗಾಗ ಬರ್ತಾ ಇರಿ, ಮನೆ ನಿಮ್ದೇ. ಅಭ್ಯಾಸದಂತೆ ಅದು ಎಫ್ಫತ್‌ಳ ನಾಲಿಗೆಯ ತುದಿಗೆ ಬಂತು. ಅವಳು ಬಾಯಿ ಬಿಗಿಹಿಡಿದಳು. ನಯ್ಯೆರೆ ಆ ಮಾತಿಗಾಗಿ ಒಂದು ಗಳಿಗೆ ಕಾದಳು. ಆಮೇಲೆ ಮೆಟ್ಟಿಲಿಳಿದು ಹೋದಳು.